ಅಕ್ಷರವೋ? ಸಂಖ್ಯೆಯೋ?

ಮಕ್ಕಳೇ, ಗೂಡಲೂರಿನಿಂದ ಗುಂಡ್ಲುಪೇಟೆಗೋ ಊಟಿಗೋ ಬಸ್ಸಿನಲ್ಲಿ ಹೋಗುವಾಗ ನಿರ್ವಾಹಕರ ಕೈಯಲ್ಲಿರುವ ಟಿಕೆಟ್ ಯಂತ್ರವನ್ನು ನೋಡಿದ್ದೀರಲ್ಲವೇ? ಗುಂಡಿ ಒತ್ತಿದೊಡನೆ ಟಿಕೆಟು ಅಚ್ಚಾಗಿ ಹೊರಬರುತ್ತದೆ. ಇಂತಹ ಅನೇಕ ಯಂತ್ರಗಳ ಒಳಗೆ ಉಗುರಿನಷ್ಟೇ ಇರುವ ಪುಟ್ಟ ಗಣಕವಿರುತ್ತದೆ. ಅದಕ್ಕೆ ಮೈಕ್ರೊಕಂಟ್ರೋಲರ್ ಎಂದು ಹೆಸರು.

ಈ ಗಣಕಕ್ಕೆ ಅಕ್ಷರ ಬಾರದು. ಅದಕ್ಕೆ ತಿಳಿದಿರುವುದು ಸಂಖ್ಯೆ ಮಾತ್ರ. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿದ್ದಾರೆ. ಇಂಗ್ಲಿಷಿನ ದೊಡ್ಡ 'ಎ' ಅಕ್ಷರಕ್ಕೆ 65, 'ಬಿ'ಗೆ 66. ಹಾಗಾದರೆ 65 ಎಂದರೆ 'ಎ' ಅಕ್ಷರವೋ, 65 ರೂಪಾಯಿಯೋ?

ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ, ಸಕ್ಕರೆಯ ಡಬ್ಬಿ ಎರಡೂ ಒಂದೇ ತರಹ ಇದ್ದರೆ ಮೇಲೆ ಹೆಸರು ಬರೆಯುತ್ತೇವೆ. ಇಲ್ಲದಿದ್ದರೆ ಚಹಾಕ್ಕೆ ಉಪ್ಪು ಬಿದ್ದೀತು! (ಚಹಾ ತೋಟಗಳ ನಮ್ಮೂರಿನಲ್ಲಿ ಅದನ್ನು ಯಾರು ಸಹಿಸುತ್ತಾರೆ?) ಗಣಕಕ್ಕೂ ಇಂತಹ ಗುರುತು ಬೇಕು.

1970ರ ದಶಕದಲ್ಲಿ ಅಮೆರಿಕದ ಡೆನ್ನಿಸ್ ರಿಚಿ ಎಂಬುವರು 'ಸಿ' ಎಂಬ ಗಣಕ ಭಾಷೆಯನ್ನು ರೂಪಿಸಿದರು. ಅದರಲ್ಲಿ ಅಚ್ಚು ಮಾಡಿಸುವ 'ಪ್ರಿಂಟ್‌ಎಫ್' ಎಂಬ ಆಜ್ಞೆಯಿದೆ. ಅದಕ್ಕೆ ಒಂದು ಸಂಗತಿಯನ್ನಾದರೂ ಕೊಡಬಹುದು, ಹತ್ತನ್ನಾದರೂ ಕೊಡಬಹುದು. ಆದರೆ ಯಾವುದು ಅಕ್ಷರ, ಯಾವುದು ಸಂಖ್ಯೆ ಎಂದು ಅದಕ್ಕೆ ತಾನಾಗಿ ತಿಳಿಯದು. ಮೊದಲು ಬರೆದ ಮಾದರಿ ಸಾಲನ್ನು ಓದಿ ತಿಳಿಯುತ್ತದೆ. ಆ ಸಾಲಿನಲ್ಲಿ % ಚಿಹ್ನೆಯ ನಂತರ 'ಸಿ' ಇದ್ದರೆ ಅಕ್ಷರ, 'ಡಿ' ಇದ್ದರೆ ಸಂಖ್ಯೆ. ಗುರುತು ತಪ್ಪಿದರೆ ಟಿಕೆಟಿನಲ್ಲಿ 65 ರೂಪಾಯಿ ಇರಬೇಕಾದ ಕಡೆ 'ಎ' ಎಂದು ಅಚ್ಚಾಗುತ್ತದೆ. ಆಗ ಬಾಕಿ ಚಿಲ್ಲರೆ ಕೇಳುವುದು ಹೇಗೆ?

ಇನ್ನೊಂದು ಸೋಜಿಗವಿದೆ. ಅಕ್ಷರಕ್ಕೆ ಒಂದು ಬೈಟ್ ಜಾಗ ಸಾಕು. ಆದರೂ ಈ ಆಜ್ಞೆಗೆ ಕಳಿಸುವಾಗ ಅದಕ್ಕೆ ಸಂಖ್ಯೆಯಷ್ಟೇ ಜಾಗ ಸಿಗುತ್ತದೆ. ಕೆಲವು ಪುಟ್ಟ ಗಣಕಗಳಲ್ಲಿ ಅದು ಎರಡು ಬೈಟ್. ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ಒಬ್ಬರೇ ಕುಳಿತ ಹಾಗೆ! ಎಣಿಸುವವರು ಅದನ್ನು ಒಬ್ಬರ ಸೀಟು ಎಂದುಕೊಂಡರೆ, ಹಿಂದಿನವರ ಲೆಕ್ಕವೆಲ್ಲ ತಪ್ಪುತ್ತದೆ.

ನಮ್ಮ ಕನ್ನಡದ 'ಕ' ಮಾತ್ರ ಒಂದು ಬೈಟಿನಲ್ಲಿ ಹಿಡಿಯುವುದಿಲ್ಲ. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಸಂಖ್ಯೆಗಳಿಗಷ್ಟೇ ಜಾಗ. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ 'ಕ' 3221, ತಮಿಳಿನ 'ಕ' 2965. ಬಲವಂತವಾಗಿ ಒಂದೇ ಬೈಟಿಗೆ ತುರುಕಿದರೆ, 256ರಿಂದ ಭಾಗಿಸಿ ಬಂದ ಶೇಷವಷ್ಟೇ ಉಳಿಯುತ್ತದೆ. ಈ ಎರಡು ಸಂಖ್ಯೆಗಳನ್ನೂ ನೀವೇ ಭಾಗಿಸಿ ನೋಡಿರಿ. ಎರಡಕ್ಕೂ 149! ಯಾವುದು ಕನ್ನಡ, ಯಾವುದು ತಮಿಳು ಎಂದು ಗಣಕಕ್ಕೆ ಇನ್ನು ತಿಳಿಯುವುದೇ ಇಲ್ಲ.