ಶಿಕ್ಷಕರ ಲೆಕ್ಕ: ಇರುವವರೆಷ್ಟು, ಹೋದವರೇಕೆ?

ಪ್ಯಾರೀಸ್ ಕಾರ್ನರ್‌ನ ಯಾವ ಬ್ಯಾಂಕ್ ಶಾಖೆಯಲ್ಲಿಯೂ ಯಾರು ಯಾವ ತಿಂಗಳ ಕೊನೆಗೆ ನಿವೃತ್ತರಾಗುವರೆಂಬುದು ವರ್ಷಗಳ ಮೊದಲೇ ತಿಳಿದಿರುತ್ತದೆ. ಜನ್ಮದಿನಾಂಕವಿದ್ದರೆ ಸಾಕು. ಶಾಲಾ ಶಿಕ್ಷಕರ ವಿಷಯದಲ್ಲಿಯೂ ಈ ಲೆಕ್ಕ ಕಠಿಣವೇನಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ‘ಯುಡೈಸ್ ಪ್ಲಸ್’ ಮಾಹಿತಿಕೋಶವು ಪ್ರತಿ ಶಾಲೆಯಿಂದ ಶಿಕ್ಷಕರ ಜನ್ಮದಿನಾಂಕ, ಲಿಂಗ, ವಿದ್ಯಾರ್ಹತೆ, ನೇಮಕದ ಸ್ವರೂಪಗಳನ್ನು ಸಂಗ್ರಹಿಸುತ್ತದೆ. 2024-25ರಲ್ಲಿ ದೇಶದ ಶಿಕ್ಷಕರ ಸಂಖ್ಯೆ ಮೊದಲ ಬಾರಿಗೆ ಒಂದು ಕೋಟಿ ದಾಟಿತು. ಅವರಲ್ಲಿ ಶೇಕಡಾ 54ರಷ್ಟು ಮಹಿಳೆಯರು. ಆದರೂ ಒಬ್ಬರೇ ಶಿಕ್ಷಕರಿರುವ ಶಾಲೆಗಳು ಒಂದು ಲಕ್ಷಕ್ಕೂ ಹೆಚ್ಚು!

ಇದು ಇರುವವರ ಎಣಿಕೆ. ಹೋದವರು ಏಕೆ ಹೋದರೆಂಬುದು ಬೇರೆಯೇ ಪ್ರಶ್ನೆ. ನಿವೃತ್ತಿ, ವರ್ಗಾವಣೆ, ರಾಜೀನಾಮೆ, ಮರಣ – ಯಾವುದರಿಂದಲಾದರೂ ಖಾಲಿಯಾಗುವ ಕುರ್ಚಿ ಒಂದೇ. ಪರಿಹಾರ ಮಾತ್ರ ಬೇರೆ ಬೇರೆ. ಕರ್ನಾಟಕದ ಅತಿಥಿ ಶಿಕ್ಷಕರನ್ನು ನೋಡಿ. ಅವರ ನೇಮಕ ಆಯಾ ಶೈಕ್ಷಣಿಕ ವರ್ಷಕ್ಕೆ ಮಾತ್ರ. ಅಲ್ಪ ಗೌರವಧನಕ್ಕೆ ಬೇಸತ್ತು ಮರುವರ್ಷ ಬಾರದವರು ರಾಜೀನಾಮೆಯ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಅಂಕಿ-ಅಂಶಗಳು ದಾರಿ ತಪ್ಪಿಸುವುದೂ ಉಂಟು. ತಮಿಳುನಾಡು ಸರ್ಕಾರ ನಿವೃತ್ತಿ ವಯಸ್ಸನ್ನು 2020ರಲ್ಲಿ 58ರಿಂದ 59ಕ್ಕೆ, 2021ರಲ್ಲಿ 60ಕ್ಕೆ ಏರಿಸಿತು. ಅದರಿಂದ ಸುಮಾರು ಎರಡು ವರ್ಷ ವಯೋನಿವೃತ್ತಿ ಬಹುಮಟ್ಟಿಗೆ ನಿಂತಿತು. ಶಿಕ್ಷಕರು ನೆಲೆ ನಿಂತರೆಂದು ಹಿಗ್ಗುವಂತಿರಲಿಲ್ಲ. ಅದು ಕೇವಲ ಮುಂದೂಡಿಕೆ.

ಚೆನ್ನೈ, ಹೊಸೂರು, ತಾಳವಾಡಿಗಳ ಕನ್ನಡ ಶಿಕ್ಷಕರ ಸಂಗತಿ ಇನ್ನೂ ಸೂಕ್ಷ್ಮ. 2006ರ ತಮಿಳು ಕಲಿಕೆ ಕಾಯಿದೆಯು ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಕಡ್ಡಾಯಗೊಳಿಸುತ್ತ 2015-16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ನ್ಯಾಯಾಲಯಗಳಿಂದ ಆಗಾಗ ವಿನಾಯಿತಿ ದೊರೆತಿದೆ, ನಿಜ. ಆದರೆ ಹುದ್ದೆಯ ಮಂಜೂರಾತಿ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದೆ. ಕನ್ನಡ ಮೇಷ್ಟ್ರು ನಿವೃತ್ತರಾದಾಗ ತರಗತಿಯಲ್ಲಿ ಮಕ್ಕಳು ವಿರಳವಾಗಿದ್ದರೆ ಹುದ್ದೆ ತುಂಬುವುದಿಲ್ಲ. ಮೇಷ್ಟ್ರಿಲ್ಲವೆಂದು ನಾವು ಮಕ್ಕಳನ್ನು ಸೇರಿಸುವುದಿಲ್ಲ. ಇಲ್ಲಿ ಯಾರೂ ಕೆಲಸ ಬಿಟ್ಟವರಲ್ಲ, ಕೆಲಸವೇ ಅವರನ್ನು ಬಿಟ್ಟಿತು ಎನ್ನಬೇಕು.

ಇದರೊಡನೆ ಈಗ ಇನ್ನೊಂದು ಕಾರಣವೂ ಸೇರಿದೆ. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಶಿಕ್ಷಕ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕೆಂದು ತೀರ್ಪಿತ್ತಿತು. ಅಲ್ಪಸಂಖ್ಯಾತ ಶಾಲೆಗಳ ಪ್ರಶ್ನೆಯನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು. ಉಳಿದ ಶಾಲೆಗಳಲ್ಲಿ, ಐವತ್ತರ ಆಸುಪಾಸಿನಲ್ಲಿ ಮತ್ತೆ ಪರೀಕ್ಷೆಗೆ ಕೂರುವ ಬದಲು ಸ್ವಯಂ ನಿವೃತ್ತಿ ಬಯಸುವವರನ್ನು ಯಾವ ಕಾಲಮಿನಲ್ಲಿ ಬರೆದುಕೊಳ್ಳುವರೋ ನೋಡಬೇಕು.