ಕನ್ನಡದ ಮೂಲಕ ಸ್ಪ್ಯಾನಿಷ್: ಚಾಮರಾಜನಗರ–ಗುಂಡ್ಲುಪೇಟೆ ಪರಿಸರದ ವಿದ್ಯಾರ್ಥಿಯ ನೆಲೆಯಿಂದ ಒಂದು ವಿವೇಚನೆ

ಸುಮಾರು ಇಪ್ಪತ್ತು ದೇಶಗಳ ರಾಜ್ಯಭಾಷೆಯಾದ ಸ್ಪ್ಯಾನಿಷ್ ಕನ್ನಡ ಓದುಗರಿಗೆ ತೀರ ಅಪರಿಚಿತವೇನಲ್ಲ. ಲೋರ್ಕಾ, ನೆರೂದಾ, ಮಾರ್ಕ್ವೆಜ್ ಮೊದಲಾದವರು ಕನ್ನಡಕ್ಕೆ ಬಂದಿದ್ದಾರೆ. ಆದರೆ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ ಬಂದಿದ್ದಾರೆ. ಭಾಷಾಕಲಿಕೆಯ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದಂತಹ ಕಡೆ ಸ್ಪ್ಯಾನಿಷ್ ಬೋಧನೆಗೆ ಅವಕಾಶವಿದ್ದರೂ ನಮ್ಮಲ್ಲಿ ಬಳಕೆಯಲ್ಲಿರುವ ಪಠ್ಯಗಳು ವ್ಯಾಕರಣವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೋ ಸ್ಪ್ಯಾನಿಷಿನಲ್ಲಿಯೋ ವಿವರಿಸುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ಇದರಿಂದ ಏನನ್ನು ಕಳೆದುಕೊಳ್ಳುತ್ತಾನೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿನ ಚರ್ಚೆ ಮಧ್ಯಮ ಹಂತಕ್ಕೆ ಸೀಮಿತವಾಗಿದೆ. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಚೌಕಟ್ಟು ಭಾಷಾಕಲಿಕೆಯನ್ನು ಆರು ಹಂತಗಳಾಗಿ ವಿಂಗಡಿಸುತ್ತದೆ. ಅದರ ಬಿ1, ಬಿ2 ಹಂತಗಳು ಪದವಿ ತರಗತಿಯ ಮಧ್ಯಮ ಮಟ್ಟಕ್ಕೆ ಸಮೀಪವಾದವು. ಕುಶಲಪ್ರಶ್ನೆಗಳನ್ನು ಬಾಯಿಪಾಠ ಮಾಡುವ ಕಾಲ ಮುಗಿದು, ಕಂಡುದನ್ನು ನಿರೂಪಿಸುವ, ಬಯಕೆ ಸಂದೇಹಗಳನ್ನು ವ್ಯಕ್ತಪಡಿಸುವ ಕಾಲ ಇಲ್ಲಿ ಆರಂಭವಾಗುತ್ತದೆ. ಮಾತೃಭಾಷೆಯ ವ್ಯಾಕರಣಪ್ರಜ್ಞೆ ನೆರವಿಗೆ ಬರಬೇಕಾದದ್ದೂ ಇಲ್ಲಿಯೇ.

ಧ್ವನಿಯ ನೆಲೆ

ಚಾಮರಾಜನಗರ ತಮಿಳುನಾಡಿಗೆ ಹೊಂದಿಕೊಂಡಿದೆ. ಗುಂಡ್ಲುಪೇಟೆ ಒಂದೆಡೆ ನೀಲಗಿರಿಗೂ ಇನ್ನೊಂದೆಡೆ ವಯನಾಡಿಗೂ ದಾರಿಯಾಗಿದೆ. ಈ ಭಾಗದ ಗ್ರಾಮೀಣ ಆಡುಮಾತಿನಲ್ಲಿ ಪದಾದಿಯ ಹಕಾರ ಲೋಪವಾಗುವುದು ಸಾಮಾನ್ಯ: ಹಳ್ಳಿ ‘ಅಳ್ಳಿ’ಯಾಗುತ್ತದೆ, ಹುಲಿ ‘ಉಲಿ’ಯಾಗುತ್ತದೆ. ಶಾಲೆಯಲ್ಲಿ ಇದು ‘ಅಶುದ್ಧ’ವೆನಿಸಿ ತಿದ್ದುಪಡಿಗೂ ಹಾಸ್ಯಕ್ಕೂ ಗುರಿಯಾಗುತ್ತದೆ. ಆದರೆ ಶಿಷ್ಟ ಸ್ಪ್ಯಾನಿಷಿನಲ್ಲಿಯೂ ಬರೆಹದ ಹಕಾರಕ್ಕೆ ಉಚ್ಚಾರಣೆಯಿಲ್ಲ. ಹಿಟ್ಟು ಎಂಬರ್ಥದ ಲ್ಯಾಟಿನ್ನಿನ ‘ಫರೀನಾ’ ಸ್ಪ್ಯಾನಿಷಿನಲ್ಲಿ ‘ಹರೀನಾ’ ಎಂದು ಬರೆಯಲ್ಪಟ್ಟು ‘ಅರೀನಾ’ ಎಂದು ನುಡಿಯಲ್ಪಡುತ್ತದೆ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’, ಈ ಭಾಗದ ಬಾಯಲ್ಲಿ ‘ಆಲು’. ಒಂದೆಡೆ ಫಕಾರ, ಇನ್ನೊಂದೆಡೆ ಪಕಾರ. ಎರಡೂ ಹಕಾರವಾಗಿ ಕೊನೆಗೆ ಲೋಪವಾದುವು. ಎರಡು ಭಾಷೆಗಳಿಗೂ ಸಂಬಂಧವಿಲ್ಲ. ಧ್ವನಿವ್ಯತ್ಯಾಸದ ಹಾದಿ ಮಾತ್ರ ಸಮಾನ. ಇದನ್ನು ಅರಿತ ವಿದ್ಯಾರ್ಥಿಗೆ ಉಚ್ಚಾರಣೆಯ ನಿಯಮ ಸುಲಭವಾಗುವುದಷ್ಟೇ ಅಲ್ಲ, ತನ್ನ ಮನೆಮಾತಿನ ಬಗೆಗಿನ ಕೀಳರಿಮೆಯೂ ಕಳೆಯುತ್ತದೆ.

ವಕಾರ ಬಕಾರಗಳ ಸಂಗತಿಯೂ ಇಂತಹುದೇ. ತಮಿಳಿನ ‘ವಾ’, ‘ವೇರ್’ ಕನ್ನಡದಲ್ಲಿ ‘ಬಾ’, ‘ಬೇರು’. ಸ್ಪ್ಯಾನಿಷಿನಲ್ಲಿ ವಕಾರಕ್ಕೂ ಬಕಾರಕ್ಕೂ ಲಿಪಿ ಬೇರೆಯಾದರೂ ಉಚ್ಚಾರಣೆ ಒಂದೇ, ಬಕಾರದ್ದು. ಗಡಿನಾಡಿನಲ್ಲಿ ಎರಡೂ ನುಡಿಗಳನ್ನು ಕೇಳಿ ಬೆಳೆದವನಿಗೆ ಇದನ್ನು ವಿವರಿಸಲು ಬೇರೆ ಉದಾಹರಣೆ ಬೇಕಿಲ್ಲ.

ವಾಕ್ಯದ ನೆಲೆ

ಇಂಗ್ಲಿಷಿನ ಮೂಲಕ ಕಲಿಯುವವರು ಹೆಚ್ಚು ಎಡವುವುದು ‘ಮೆ ಗುಸ್ತಾ’ ಎಂಬ ಪ್ರಯೋಗದಲ್ಲಿ. ಇಂಗ್ಲಿಷಿನಲ್ಲಿ ಇಷ್ಟಪಡುವವನು ಕರ್ತೃ. ಸ್ಪ್ಯಾನಿಷಿನಲ್ಲಿ ಇಷ್ಟವಾದ ವಸ್ತುವೇ ಕರ್ತೃ, ಇಷ್ಟಪಡುವವನು ಚತುರ್ಥಿಯಲ್ಲಿರುತ್ತಾನೆ. ‘ಮೆ ಗುಸ್ತಾ ಎಲ್ ಮಾಂಗೊ’ ಎಂಬುದು ‘ನನಗೆ ಮಾವಿನ ಹಣ್ಣು ಇಷ್ಟ’ ಎಂಬುದಕ್ಕೆ ಸಂವಾದಿ. ‘ನನಗೆ ತಲೆ ನೋಯುತ್ತದೆ’ ಎಂಬುದರ ರಚನೆಯೂ ಅಲ್ಲಿ ಹೀಗೆಯೇ ಇದೆ.

‘ಸೆರ್’, ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳಿಗೆ ಇಂಗ್ಲಿಷಿನಲ್ಲಿ ಒಂದೇ ಪದ. ಕನ್ನಡದಲ್ಲಿ ‘ಅವನು ವೈದ್ಯ’ ಎನ್ನುವಾಗ ಕ್ರಿಯಾಪದವೇ ಇಲ್ಲ. ‘ಅವನು ಮನೆಯಲ್ಲಿದ್ದಾನೆ’ ಎನ್ನುವಾಗ ‘ಇರು’ ಧಾತು ಬರುತ್ತದೆ. ಮೊದಲನೆಯದು ‘ಸೆರ್’ನ ಕ್ಷೇತ್ರ, ಎರಡನೆಯದು ‘ಎಸ್ತಾರ್’ನ ಕ್ಷೇತ್ರ. ‘ಸಭೆ ಇಂತಲ್ಲಿ ಇದೆ’ ಎಂಬಂತಹ ವಾಕ್ಯಗಳಲ್ಲಿ ‘ಸೆರ್’ ಬರುವುದರಿಂದ ಹೋಲಿಕೆ ಪೂರ್ಣವಲ್ಲ. ಆದರೂ ಆರಂಭಕ್ಕೆ ಇದು ದೃಢವಾದ ಆಧಾರ. ಹಾಗೆಯೇ ‘ಹೂ ಕಿತ್ತೆ’ ಎನ್ನಬಹುದು, ‘ಹುಡುಗ ಕರೆದೆ’ ಎನ್ನಲಾಗದು; ‘ಹುಡುಗನನ್ನು’ ಎನ್ನಲೇಬೇಕು. ಸ್ಪ್ಯಾನಿಷಿನಲ್ಲಿಯೂ ನಿರ್ದಿಷ್ಟ ವ್ಯಕ್ತಿ ಕರ್ಮವಾದಾಗ ‘ಆ’ ಎಂಬ ಉಪಸರ್ಗ ಬೇಕು, ವಸ್ತುವಿಗೆ ಸಾಮಾನ್ಯವಾಗಿ ಬೇಡ.

ಮಧ್ಯಮ ಹಂತದ ಪ್ರಮುಖ ಪಾಠವಾದ ಎರಡು ಬಗೆಯ ಭೂತಕಾಲವನ್ನು ಈ ನೆಲದ ಅನುಭವದಿಂದಲೇ ಬೋಧಿಸಬಹುದು. ಬಂಡೀಪುರದ ಕಾಡಂಚಿನ ವಿದ್ಯಾರ್ಥಿ ಹೀಗೆ ಬರೆದನೆಂದು ಭಾವಿಸೋಣ: ‘ರಾತ್ರಿ ನಾವು ಚೆಂಡುಹೂವಿನ ಹೊಲ ಕಾಯುತ್ತಿದ್ದೆವು, ಆನೆ ಬಂದಿತು.’ ಕಾಯುತ್ತಿದ್ದುದು ಹಿನ್ನೆಲೆ, ಅದಕ್ಕೆ ‘ಕುಯಿದಾಬಾಮೊಸ್’ ಎಂಬ ಅಪೂರ್ಣ ಭೂತ. ಬಂದುದು ಘಟನೆ, ಅದಕ್ಕೆ ‘ಬೀನೊ’ ಎಂಬ ಪೂರ್ಣ ಭೂತ. ಕನ್ನಡದ ‘-ಉತ್ತಿದ್ದ’ ರೂಪ ಈ ಭೇದವನ್ನು ಮೊದಲೇ ಕಲಿಸಿರುತ್ತದೆ.

ತೊಡಕುಗಳು

ಕನ್ನಡ ಎಲ್ಲ ಕಡೆಯೂ ನೆರವಾಗುವುದಿಲ್ಲ. ನಮ್ಮ ಲಿಂಗವಿವಕ್ಷೆ ಅರ್ಥಾನುಸಾರಿ. ಅಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ, ಗುಣವಾಚಕವೂ ಅದನ್ನು ಅನುಸರಿಸಬೇಕು. ‘ನಿನ್ನೆ ಬಂದ ಹುಡುಗ’ ಎಂಬಲ್ಲಿ ವಿಶೇಷಣ ಮೊದಲು. ಅಲ್ಲಿ ಹುಡುಗ ಮೊದಲು, ವಿವರಣೆ ಅನಂತರ. ಅತ್ಯಂತ ಕಠಿನವಾದುದು ಸಂಭಾವನಾರ್ಥಕ ರೂಪ. ‘ಅವನು ಬರಲಿ ಎಂದು ಬಯಸುತ್ತೇನೆ’ ಎಂಬಲ್ಲಿನ ‘ಬರಲಿ’ ಅದರ ಹತ್ತಿರ ಬರುತ್ತದೆ. ಆದರೆ ‘ಅವನು ಬಂದಾಗ ಹೇಳುತ್ತೇನೆ’ ಎಂಬಲ್ಲಿಯೂ ಸ್ಪ್ಯಾನಿಷ್ ಅದೇ ರೂಪವನ್ನು ಬಯಸುತ್ತದೆ. ಇನ್ನೂ ನಡೆಯದ ಘಟನೆಯನ್ನು ನಡೆದದ್ದರಿಂದ ಬೇರ್ಪಡಿಸುವ ಆ ಗುರುತು ಕನ್ನಡದ ‘ಬಂದಾಗ’ದಲ್ಲಿ ಇಲ್ಲ. ಶಿಕ್ಷಕರು ಹೆಚ್ಚಿನ ಕಾಲವನ್ನು ವಿನಿಯೋಗಿಸಬೇಕಾದುದು ಇಂತಹ ಸ್ಥಳಗಳಲ್ಲಿ.

ಒಟ್ಟಿನಲ್ಲಿ, ಕನ್ನಡದಲ್ಲಿ ವಿವರಿಸಿದ ಒಂದು ಸ್ಪ್ಯಾನಿಷ್ ವ್ಯಾಕರಣ ಅನುಕೂಲದ ವಿಷಯವಷ್ಟೇ ಅಲ್ಲ, ಶಾಸ್ತ್ರೀಯವಾಗಿಯೂ ಸಮರ್ಥನೀಯವಾದುದು. ಚಾಮರಾಜನಗರ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 2023ರಲ್ಲಿ ಅಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವೂ ಆರಂಭವಾಯಿತು. ಉನ್ನತ ಶಿಕ್ಷಣ ಹಳ್ಳಿಯ ಸಮೀಪಕ್ಕೆ ಬಂದಾಗ ಪಾಠದ ವಿವರಣೆಯೂ ವಿದ್ಯಾರ್ಥಿಯ ನುಡಿಗೆ ಸಮೀಪವಾಗಬೇಕು. ಆಗ ಸ್ಪ್ಯಾನಿಷಿನಿಂದ ನೇರವಾಗಿ ಕನ್ನಡಕ್ಕೆ ಅನುವಾದಿಸಬಲ್ಲವರು ಈ ಭಾಗದಿಂದಲೂ ಬರಲು ಸಾಧ್ಯ.