ಹೃದಯದೊಳಗಿನ ಸಾಧು ಗಡ್ಡೆ

ಗಡ್ಡೆಗಳಲ್ಲಿ ಎರಡು ಬಗೆ. ಒಂದು, ಇದ್ದಲ್ಲಿರದೆ ಮೈಯಲ್ಲೆಲ್ಲ ಬೇರು ಬಿಡುವ ಅರ್ಬುದ, ಎಂದರೆ ಕ್ಯಾನ್ಸರ್. ಇನ್ನೊಂದು, ಹುಟ್ಟಿದಲ್ಲಿಯೇ ಮೆಲ್ಲನೆ ಬೆಳೆಯುವ ಸಾಧು ಗಡ್ಡೆ. ತೋಳಿನ ಮೇಲೋ ಬೆನ್ನಿನ ಮೇಲೋ ಇಂತಹ ಗಡ್ಡೆಯನ್ನು ಹೊತ್ತು ಆಯುಷ್ಯವೆಲ್ಲ ಸುಖವಾಗಿ ಕಳೆದವರುಂಟು. ಆದರೆ ಅದೇ ಸಾಧು ಹೃದಯದೊಳಗೆ ಬಿಡಾರ ಹೂಡಿದರೆ? ಆಗ ಗಡ್ಡೆ ಸಾಧುವಾದರೂ ಸ್ಥಳ ಸಾಧುವಲ್ಲ.

ಇಂತಹ ಗಡ್ಡೆಗಳು ಬಹಳ ವಿರಳ. ಪ್ರಾಯದವರಲ್ಲಿ ಇವುಗಳೊಳಗೆ ಮುಖ್ಯವಾದುದು ‘ಮಿಕ್ಸೋಮಾ’. ನೂರಕ್ಕೆ ಸುಮಾರು 75 ಪಾಲು ಇದು ಹುಟ್ಟುವುದು ಹೃದಯದ ಎಡ ಮೇಲ್ಕೋಣೆಯಲ್ಲಿ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅದೂ 30ರಿಂದ 60ರ ಪ್ರಾಯದೊಳಗೆ. ಕೋಣೆಯ ನಡುಗೋಡೆಗೆ ತೊಟ್ಟಿನಿಂದ ಅಂಟಿಕೊಂಡು, ಕಾಯಿಯಂತೆ ತೂಗಾಡುತ್ತಿರುತ್ತದೆ. ಮೈ ತಾಟಿನುಂಗಿನ ತಿರುಳಿನಂತೆ ಲೋಳೆಲೋಳೆ.

ಅಪಾಯವಿರುವುದು ಈ ಮೆದುತನದಲ್ಲಿಯೇ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಆ ಬಡಿತದ ರಭಸಕ್ಕೆ ಗಡ್ಡೆಯ ಚೂರಾಗಲಿ, ಅದರ ಮೇಲೆ ಹೆಪ್ಪುಗಟ್ಟಿದ ರಕ್ತವಾಗಲಿ ಕಳಚಿ ಹರಿವಿನೊಡನೆ ಹೊರಡಬಹುದು. ಎಡ ಹೃದಯದಿಂದ ಹೊರಟ ರಕ್ತ ಇಡೀ ದೇಹವನ್ನು ಸುತ್ತತಕ್ಕದ್ದಷ್ಟೆ! ಚೂರು ಮಿದುಳಿನ ನಾಳದಲ್ಲಿ ಸಿಕ್ಕಿಕೊಂಡರೆ ಲಕ್ವ. ಕಾಲಿನ ನಾಳದಲ್ಲಾದರೆ ಕಾಲು ಥಟ್ಟನೆ ತಣ್ಣಗಾಗಿ, ಬಿಳಚಿ, ತಡೆಯಲಾರದ ನೋವು. ಕಣ್ಣಿನ ನಾಳದಲ್ಲಾದರೆ ದೃಷ್ಟಿಯೇ ಹೋದೀತು. ಮಿಕ್ಸೋಮಾ ಇದ್ದವರಲ್ಲಿ ಸುಮಾರು ಮೂವರಿಗೊಬ್ಬರಿಗೆ ಹೀಗೆ ಚೂರು ಹಾರುವುದುಂಟು. ರಕ್ತದೊತ್ತಡವಿಲ್ಲ, ಸಕ್ಕರೆ ಕಾಯಿಲೆಯಿಲ್ಲ, ಆದರೂ ಪ್ರಾಯದಲ್ಲಿಯೇ ಲಕ್ವ ಹೊಡೆಯಿತೆಂದರೆ ವೈದ್ಯರು ಹೃದಯವನ್ನೂ ಪರೀಕ್ಷಿಸುವುದು ಇದಕ್ಕಾಗಿಯೇ.

ಇದು ಬೇರೆ ರೋಗಗಳ ವೇಷ ಹಾಕುವುದರಲ್ಲಿಯೂ ನಿಪುಣ. ಗಡ್ಡೆ ಜಾರಿ ಕವಾಟಕ್ಕೆ ಅಡ್ಡ ಬಂದರೆ ಏದುಸಿರು, ತಲೆಸುತ್ತು, ಕೆಲವೊಮ್ಮೆ ಮೂರ್ಛೆ. ಮಗ್ಗುಲು ಬದಲಿಸಿದರೆ ಕೆಲವರಿಗೆ ಉಪಶಮನ! ಎದೆಗೆ ಕೊಳವೆಯಿಟ್ಟು ಆಲಿಸಿದವರಿಗೆ ಕೀಲುವಾತದ ಜ್ವರದಿಂದ ಕೆಟ್ಟ ಕವಾಟದ ಸದ್ದಿನಂತೆಯೇ ಕೇಳೀತು. ಬಿಡದ ಸಣ್ಣ ಜ್ವರ, ಮೈ ಇಳಿಯುವುದು, ರಕ್ತಹೀನತೆ ಇವೂ ಉಂಟು.

ಹಿಂದೆ ಈ ಗಡ್ಡೆ ಗೊತ್ತಾಗುತ್ತಿದ್ದುದು ಸಾಮಾನ್ಯವಾಗಿ ಶವಪರೀಕ್ಷೆಯಲ್ಲಿ. 1954ರಲ್ಲಿ ಸ್ವೀಡನ್ನಿನ ಶಸ್ತ್ರವೈದ್ಯ ಕ್ಲಾರೆನ್ಸ್ ಕ್ರಾಫೂರ್ಡ್, ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಇದನ್ನು ಯಶಸ್ವಿಯಾಗಿ ತೆಗೆದರು. ಈಗ ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆಯುವ ‘ಎಕೋ’ ಪರೀಕ್ಷೆ ನಗರಗಳಲ್ಲೆಲ್ಲ ದೊರೆಯುತ್ತದೆ. ಸೂಜಿಯಿಲ್ಲ, ನೋವಿಲ್ಲ, ತೂಗಾಡುವ ಗಡ್ಡೆ ಪರದೆಯ ಮೇಲೆ ಕಾಣುತ್ತದೆ. ಕಂಡೊಡನೆ ಶಸ್ತ್ರಚಿಕಿತ್ಸೆಯೇ ಮದ್ದು. ಗಡ್ಡೆಯನ್ನು ಬುಡಸಹಿತ ಕಿತ್ತರೆ ಬಹುಮಂದಿ ಪೂರ್ಣ ಗುಣ ಹೊಂದುತ್ತಾರೆ.

ಮನೆಯವರು ನೆನಪಿಡಬೇಕಾದುದು ಮೂರು. ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಎಣ್ಣೆ ನೀವುತ್ತ ಕೂಡದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿರಿ. ಹೆಪ್ಪು ಕರಗಿಸುವ ಚುಚ್ಚುಮದ್ದು ತಕ್ಕುದೆಂದು ವೈದ್ಯರು ಕಂಡರೂ ಸಾಧಾರಣವಾಗಿ ಅದಕ್ಕಿರುವ ಅವಧಿ ನಾಲ್ಕೂವರೆ ಗಂಟೆ. ಎರಡನೆಯದಾಗಿ, ಈ ಗಡ್ಡೆ ಅಪರೂಪಕ್ಕೆ ವಂಶದಲ್ಲಿ ಬರುವುದುಂಟು. ಒಬ್ಬರಲ್ಲಿ ಕಂಡರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿರಿ. ಮೂರನೆಯದಾಗಿ, ಗಡ್ಡೆ ಮರಳಿ ಬರುವುದು ವಿರಳವಾದರೂ ವೈದ್ಯರು ಹೇಳಿದಷ್ಟು ವರ್ಷ ಎಕೋ ಮಾಡಿಸತಕ್ಕದ್ದು. ವರ್ಗವಾಗಿ ಊರೂರು ತಿರುಗುವ ನಮ್ಮಂತಹವರು ಪಾತ್ರೆ ಪಡಗದ ಜೊತೆಗೆ ಹಳೆಯ ವರದಿಗಳನ್ನೂ ಕಟ್ಟಿಕೊಂಡು ಹೋಗುವುದು ಲೇಸು. ಹೊಸ ಊರಿನ ವೈದ್ಯರಿಗೆ ನಿಮ್ಮ ಹೃದಯದ ಪೂರ್ವಕಥೆ ಹೇಳುವುದು ಆ ಕಾಗದಗಳೇ.